ಆರನೆಯ ಪದರದಲ್ಲಿ ಅಯಸ್ಕಾಂತ

ಪದರ ಆಕ್ಸೈಡುಗಳ ಕಾಂತಗುಣವನ್ನು ಅಳೆಯುವ ಪ್ರಯೋಗಾಲಯವನ್ನು ನೋಡಲು ಹೋದವರು ಲೇಸರ್ ಇರುವ ಕೋಣೆಗೆ ನೇರವಾಗಿ ನುಗ್ಗಬಾರದು. ಕುಲುಮೆಗಳ ಕೋಣೆಯಿಂದ ಶುರು ಮಾಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೇಟು ದಾಟಿ, ಮುಖ್ಯ ಕಟ್ಟಡದ ಗೋಪುರವನ್ನೂ ಅದರ ಮುಂದಿರುವ ಜಮ್‌ಶೇಟ್‌ಜಿ ಟಾಟಾ ಪ್ರತಿಮೆಯನ್ನೂ ಹಿಂದೆ ಬಿಟ್ಟು, ಮರಗಳ ನೆರಳಲ್ಲಿ ಒಳಗೆ ನಡೆದರೆ ಪ್ರಯೋಗಾಲಯಗಳ ಕಟ್ಟಡಗಳು ಸಾಲಾಗಿ ಸಿಗುತ್ತವೆ. ಹಳೆಯ ಬೆಂಗಳೂರಿಗರಿಗೆ ಇದು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿನ ಒಂದು ಕಟ್ಟಡದ ನೆಲಮಹಡಿಯಲ್ಲಿ, ಕಾರಿಡಾರಿಗೇ ಬಿಸಿ ತಾಗುವ ಒಂದು ಕೋಣೆಯ ಮುಂದೆ ನನ್ನನ್ನು ನಿಲ್ಲಿಸಿದವರು ಧಾರವಾಡದ ಕಡೆಯ ಒಬ್ಬ ಸಂಶೋಧನಾ ವಿದ್ಯಾರ್ಥಿನಿ. "ಎಲ್ಲಾರೂ ಲೇಸರ್ ತೋರಸ್ರಿ ಅಂತಾರ ಸರ. ಆದ್ರ ಕೆಲಸ ಹಾಳಾಗೋದು ಇಲ್ಲೇ," ಎಂದರು.

ಕೋಣೆಯಲ್ಲಿ ಮೇಜು, ತಕ್ಕಡಿ, ಮೂರು ಡಬ್ಬಿ. ಒಂದರಲ್ಲಿ ಲ್ಯಾಂಥನಂ ಆಕ್ಸೈಡಿನ ಬಿಳಿ ಪುಡಿ, ಇನ್ನೊಂದರಲ್ಲಿ ಸ್ಟ್ರಾಂಷಿಯಂ ಕಾರ್ಬೊನೇಟು, ಅದೂ ಬಿಳಿ. ಮೂರನೆಯದರಲ್ಲಿ ಮ್ಯಾಂಗನೀಸ್ ಡೈಆಕ್ಸೈಡು, ಮಸಿಯಷ್ಟು ಕಪ್ಪು. ಲ್ಯಾಂಥನಂ ಆಕ್ಸೈಡು ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಸದ್ದಿಲ್ಲದೆ ಹೀರಿಕೊಳ್ಳುತ್ತದೆ. ಹಾಗೇ ತೂಗಿದರೆ ತಕ್ಕಡಿ ತೋರಿಸುವುದು ಲ್ಯಾಂಥನಂ ಜೊತೆಗೆ ನೀರಿನ ತೂಕವನ್ನೂ. ಅದಕ್ಕೇ ಅದನ್ನು ಮೊದಲು ಕುಲುಮೆಯಲ್ಲಿ ಚೆನ್ನಾಗಿ ಕಾಯಿಸಿ, ತೇವ ತಾಗುವ ಮೊದಲೇ ತೂಗಬೇಕು. ಆಮೇಲೆ ಮೂರನ್ನೂ ಅಗೇಟ್ ಕಲ್ಲಿನ ಖಲ್ಬತ್ತಿಗೆ ಹಾಕಿ ಗಂಟೆಗಟ್ಟಲೆ ಅರೆಯುವುದು, ಅಚ್ಚಿನಲ್ಲಿ ಒತ್ತಿ ಬಿಲ್ಲೆ ಮಾಡುವುದು, ಅಲ್ಯೂಮಿನಾ ಮೂಸೆಯಲ್ಲಿಟ್ಟು ಸಾವಿರದ ಇನ್ನೂರು ಡಿಗ್ರಿಗೂ ಮೇಲೆ ಕಾಯಿಸುವುದು, ತೆಗೆದು ಪುಡಿ ಮಾಡಿ ಮತ್ತೆ ಅರೆಯುವುದು, ಮತ್ತೆ ಕಾಯಿಸುವುದು. ಘನವಸ್ತುಗಳು ಒಂದರೊಳಗೊಂದು ಸೇರಲು ದ್ರವಗಳಂತೆ ಅವಸರ ಮಾಡುವುದಿಲ್ಲ.

ಕೊನೆಗೆ ಸಿಗುವುದು ಕರ್ರಗಿನ ಗಟ್ಟಿ ಬಿಲ್ಲೆ: ಲ್ಯಾಂಥನಂ ಸ್ಟ್ರಾಂಷಿಯಂ ಮ್ಯಾಂಗನೈಟ್. ಅದರದೊಂದು ಚೂರನ್ನು ಆಕೆ ತಣ್ಣೀರಿನ ಬೀಕರಿಗೆ ಹಾಕಿದರು. ಹೊರಗಿನಿಂದ ಗಾಜಿಗೆ ಪುಟ್ಟ ಅಯಸ್ಕಾಂತ ಹಿಡಿದು ಮೆಲ್ಲಗೆ ಮೇಲೆತ್ತಿದಾಗ, ಚೂರೂ ಒಳಗಡೆ ಗಾಜಿಗೆ ಅಂಟಿಕೊಂಡು ಏರಿತು. ಆಮೇಲೆ ಬೀಕರನ್ನು ಹಾಟ್‌ಪ್ಲೇಟಿನ ಮೇಲಿಟ್ಟರು. ನೀರಿನಿಂದ ಹಬೆ ಏಳುತ್ತಿದ್ದಾಗ ಅದೇ ಅಯಸ್ಕಾಂತವನ್ನು ಅದೇ ಜಾಗಕ್ಕೆ ಹಿಡಿದರೆ ಚೂರು ತಳ ಬಿಟ್ಟು ಅಲುಗಲಿಲ್ಲ. ಈ ಚೂರಿನಲ್ಲಿ ಲ್ಯಾಂಥನಂ ಜಾಗದ ಶೇಕಡಾ 20ರಷ್ಟನ್ನು ಸ್ಟ್ರಾಂಷಿಯಂ ತುಂಬಿದೆ. ಅದರ ಕಾಂತಗುಣ ಅಳಿಯುವುದು ಸುಮಾರು 309 ಕೆಲ್ವಿನ್‌ನಲ್ಲಿ, ಎಂದರೆ ಹೆಚ್ಚು ಕಡಿಮೆ ನಮ್ಮ ಮೈಬಿಸಿಯಲ್ಲಿ. ಸ್ಟ್ರಾಂಷಿಯಂ ಶೇಕಡಾ 30 ಆದರೆ ಅದು ಸುಮಾರು 370 ಕೆಲ್ವಿನ್‌ಗೆ ಏರುತ್ತದೆ, ನೀರು ಕುದಿಯುವ ಹತ್ತಿರಕ್ಕೆ.

ಇನ್ನೊಂದು ಬಿಲ್ಲೆಯೂ ಅಲ್ಲಿತ್ತು. ಅದೇ ಲ್ಯಾಂಥನಂ, ಅದೇ ಸ್ಟ್ರಾಂಷಿಯಂ, ಅದೇ ಮ್ಯಾಂಗನೀಸ್, ಅದೇ ಆಮ್ಲಜನಕ. ಬಣ್ಣವೂ ಅದೇ ಕಪ್ಪು. ಆದರೆ ಕೋಣೆಯ ಬಿಸಿಯಲ್ಲಿ ಅಯಸ್ಕಾಂತಕ್ಕೆ ಅದು ಓಗೊಡಲಿಲ್ಲ. ಅದು ಫೆರೋಮ್ಯಾಗ್ನೆಟ್, ಎಂದರೆ ಮೊದಲ ಚೂರಿನಂತೆ ಅಯಸ್ಕಾಂತಕ್ಕೆ ಬಲವಾಗಿ ಓಗೊಡುವ ವಸ್ತು, ಆಗಲು ಸುಮಾರು 126 ಕೆಲ್ವಿನ್‌ವರೆಗೆ, ಸೊನ್ನೆಗಿಂತ 147 ಡಿಗ್ರಿ ಕೆಳಗಿನವರೆಗೆ, ತಣ್ಣಗಾಗಬೇಕು. ವ್ಯತ್ಯಾಸವಿರುವುದು ಪದರಗಳನ್ನು ಪೇರಿಸಿದ ಬಗೆಯಲ್ಲಿ. ನಾನು ಬಂದದ್ದೇ ಇದನ್ನು ನೋಡಲು.

ಎರಡು ಬಿಲ್ಲೆಗಳ ಒಳರಚನೆ ಹೀಗೆ. ಪ್ರತಿ ಮ್ಯಾಂಗನೀಸ್ ಪರಮಾಣುವಿನ ಸುತ್ತ ಆರು ಆಮ್ಲಜನಕಗಳು: ಮೇಲೊಂದು, ಕೆಳಗೊಂದು, ಪಕ್ಕದಲ್ಲಿ ನಾಲ್ಕು. ಒಂದು ಮ್ಯಾಂಗನೀಸಿಗೂ ಮುಂದಿನ ಮ್ಯಾಂಗನೀಸಿಗೂ ನಡುವೆ ಒಂದು ಆಮ್ಲಜನಕ ಇದ್ದೇ ಇರುತ್ತದೆ. ಕಬ್ಬಿಣದಲ್ಲಿ ಹಾಗಲ್ಲ, ಅಲ್ಲಿ ಪರಮಾಣುಗಳು ಪಕ್ಕಪಕ್ಕದಲ್ಲೇ ಇರುತ್ತವೆ. ಆಕ್ಸೈಡುಗಳಲ್ಲಿ ಕಾಂತಗುಣದ ಮಾತುಕತೆಯೆಲ್ಲ ಆಮ್ಲಜನಕದ ಮೂಲಕವೇ ನಡೆಯಬೇಕು. ಬರೀ ಲ್ಯಾಂಥನಂ ಇದ್ದಾಗ ಪ್ರತಿ ಮ್ಯಾಂಗನೀಸಿನ ಹೊರಕವಚದಲ್ಲಿ ನಾಲ್ಕು ಎಲೆಕ್ಟ್ರಾನುಗಳು. ಮೂರು ಸ್ಥಾನ ಬಿಡುವುದಿಲ್ಲ, ನಾಲ್ಕನೆಯದು ಸ್ವಲ್ಪ ಸಡಿಲ. ಸ್ಟ್ರಾಂಷಿಯಂ ಬಂದಲ್ಲಿ ಆ ನಾಲ್ಕನೆಯದು ಕೆಲವು ಮ್ಯಾಂಗನೀಸುಗಳಲ್ಲಿ ಇಲ್ಲವಾಗುತ್ತದೆ. ಆಗ ಪಕ್ಕದ ಮನೆಯ ಎಲೆಕ್ಟ್ರಾನು ಆಮ್ಲಜನಕವನ್ನು ದಾಟಿ ಇಲ್ಲಿಗೆ ಬರಬಹುದು. ಒಂದೇ ಷರತ್ತು: ಬರುವ ಎಲೆಕ್ಟ್ರಾನಿನ ಸ್ಪಿನ್ (ಅದನ್ನು ಪುಟ್ಟ ಅಯಸ್ಕಾಂತವಾಗಿಸುವ ಗುಣ), ಇಲ್ಲಿ ನೆಲೆಸಿದ ಮೂರರ ಸ್ಪಿನ್‌ನ ದಿಕ್ಕಿಗೇ ಇರಬೇಕು. ಎಲ್ಲ ಮ್ಯಾಂಗನೀಸುಗಳೂ ಒಂದೇ ದಿಕ್ಕಿಗೆ ತಿರುಗಿದರೆ ಎಲೆಕ್ಟ್ರಾನುಗಳು ಸರಾಗವಾಗಿ ಓಡಾಡುತ್ತವೆ, ಶಕ್ತಿ ಉಳಿಯುತ್ತದೆ. ಹಾಗಾಗಿ ಅವು ತಿರುಗುತ್ತವೆ. ವಿದ್ಯುತ್ತು ಹರಿಯುವುದಕ್ಕೂ ಅಯಸ್ಕಾಂತವಾಗುವುದಕ್ಕೂ ಇಲ್ಲಿ ಕಾರಣ ಒಂದೇ. ಹಾಲೆಂಡಿನ ಐಂಡ್‌ಹೋವನ್‌ನಲ್ಲಿ ಫಿಲಿಪ್ಸ್ ಕಂಪನಿಯ ಯೊಂಕರ್ ಮತ್ತು ವಾನ್ ಸಾಂಟೆನ್ 1950ರಲ್ಲಿ ಈ ಮ್ಯಾಂಗನೈಟುಗಳನ್ನು ವರದಿ ಮಾಡಿದರು. ಮಾರನೇ ವರ್ಷವೇ ಅಮೆರಿಕದ ಕ್ಲಾರೆನ್ಸ್ ಝೀನರ್ ಈ ವಿವರಣೆ ಕೊಟ್ಟರು. ಎಪ್ಪತ್ತು ವರ್ಷ ದಾಟಿದರೂ ಅದರ ತಿರುಳು ಹಾಗೇ ನಿಂತಿದೆ.

ನಡುವಿನ ಆಮ್ಲಜನಕ ನೇರ ಗೆರೆಯಲ್ಲಿದೆಯೋ ಬಾಗಿದೆಯೋ ಎಂಬುದರ ಮೇಲೆ ಎಲ್ಲ ನಿಂತಿದೆ. ನೇರವಿದ್ದಷ್ಟೂ ದಾಟುವುದು ಸಲೀಸು. ಆಕ್ಸೈಡುಗಳ ಕಾಂತಗುಣದಲ್ಲಿ ಈ ಕೋನವನ್ನೂ, ಅಕ್ಕಪಕ್ಕದ ಪರಮಾಣುಗಳಲ್ಲಿ ಎಲೆಕ್ಟ್ರಾನುಗಳು ತುಂಬಿದ ರೀತಿಯನ್ನೂ ನಿಯಮವಾಗಿ ಹೇಳಿದವರು 1950ರ ದಶಕದಲ್ಲಿ ಜಾನ್ ಗುಡ್‌ಇನಫ್ ಮತ್ತು ಜಪಾನಿನ ಕನಮೋರಿ. ನಮ್ಮ ಜೇಬಿನ ಫೋನಿನ ಲಿಥಿಯಂ ಬ್ಯಾಟರಿಗೆ ಕೋಬಾಲ್ಟ್ ಆಕ್ಸೈಡಿನ ಪದರಗಳನ್ನು ಕೊಟ್ಟು, 97ನೇ ವಯಸ್ಸಿನಲ್ಲಿ, 2019ರಲ್ಲಿ, ನೊಬೆಲ್ ಪಡೆದ ಗುಡ್‌ಇನಫ್ ಇವರೇ. ಪದರ ಆಕ್ಸೈಡುಗಳ ಬಗ್ಗೆ ಅವರಿಗಿದ್ದ ಒಳನೋಟ ಹುಟ್ಟಿದ್ದು ಕಾಂತಗುಣದ ಅಧ್ಯಯನದಲ್ಲಿ. ಬ್ಯಾಟರಿಯ ಕಥೆ ಹೇಳುವವರು ಇದನ್ನು ಬಿಟ್ಟುಬಿಡುವುದು ನನಗೆ ಬೇಸರದ ಸಂಗತಿ.

ಎರಡನೆಯ ಬಿಲ್ಲೆಗೆ ಬರೋಣ. ಅದರಲ್ಲಿ ಮ್ಯಾಂಗನೀಸ್ ಪದರಗಳು ಎರಡೆರಡರ ಜೋಡಿಯಾಗಿವೆ. ಪ್ರತಿ ಜೋಡಿಯಾದ ಮೇಲೆ ಲ್ಯಾಂಥನಂ, ಸ್ಟ್ರಾಂಷಿಯಂ ಮತ್ತು ಆಮ್ಲಜನಕದ, ಮ್ಯಾಂಗನೀಸೇ ಇಲ್ಲದ ಒಂದು ಅಡ್ಡಪದರ. ಮೇಲಿನ ಜೋಡಿಯ ಮ್ಯಾಂಗನೀಸಿನಿಂದ ಕೆಳಗಿನ ಜೋಡಿಯ ಮ್ಯಾಂಗನೀಸಿಗೆ ಹೋಗುವ ಆಮ್ಲಜನಕದ ದಾರಿ ಅಲ್ಲಿ ಕಡಿದುಹೋಗಿದೆ. ರಡಲ್ಸ್‌ಡನ್ ಮತ್ತು ಪಾಪರ್ ಎಂಬಿಬ್ಬರು 1957–58ರಲ್ಲಿ ವಿವರಿಸಿದ ವಿನ್ಯಾಸ ಇದು. ಮೂರು ದಿಕ್ಕಿಗೂ ನೆರೆಹೊರೆಯವರಿದ್ದಾಗ 370 ಕೆಲ್ವಿನ್‌ವರೆಗೆ ತಾಳಿದ ಶಿಸ್ತು, ಒಂದು ದಿಕ್ಕು ಕಡಿದಾಗ 126ಕ್ಕೆ ಕುಸಿಯಿತು. ಈ ಬಿಲ್ಲೆಯ ಬಗ್ಗೆ ಆಕೆ ಇನ್ನೊಂದು ಮಾತು ಸೇರಿಸಿದರು: "ಬೇಯಿಸಿದ್ದು ಸರಿಯಾಗಿರಲಿಲ್ಲ ಅಂದ್ರ ಇದೂ ಕೋಣೆ ಬಿಸಿಯಾಗನ ಸ್ವಲ್ಪ ಎಳೀತದ್ರಿ ಸರ. ಒಳಗ ಮೊದಲನೇ ಜಾತಿ ಪದರ ಸೇರಿಕೊಂಡಿರ್ತಾವ. ಆವಾಗ ನಾವು ಹೊಸಾದು ಕಂಡುಹಿಡಿದ್ವಿ ಅಂತ ಕುಣಿದ್ರ ಮುಗೀತು." ಈ ಎಚ್ಚರಿಕೆಯ ಧಾಟಿ ಇಡೀ ದಿನ ಪ್ರತಿ ಕೋಣೆಯಲ್ಲೂ ಕಿವಿಗೆ ಬೀಳುತ್ತಿತ್ತು.

ಮೇಲಂತಸ್ತಿಗೆ ಹೋಗುವ ಮೊದಲು ಈ ಆವರಣದ ನೆನಪೊಂದನ್ನು ಹೇಳಲೇಬೇಕು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಸಿ.ಎನ್.ಆರ್. ರಾವ್ ಅವರು ಕಾನ್ಪುರದಿಂದ ಮರಳಿ 1976ರಲ್ಲಿ ಇಲ್ಲಿ ಘನಸ್ಥಿತಿ ಮತ್ತು ರಚನಾ ರಸಾಯನ ವಿಭಾಗವನ್ನು ಕಟ್ಟಿದರು. ಪದರ ಆಕ್ಸೈಡುಗಳ ಮೇಲೆ ಅವರ ಕಣ್ಣು ಅದಕ್ಕೂ ಮೊದಲೇ ಬಿದ್ದಿತ್ತು. ಪಿ. ಗಂಗೂಲಿ ಅವರೊಂದಿಗೆ 1973ರಲ್ಲೇ ಇಂಥ ಪದರ ವಿನ್ಯಾಸದ ಆಕ್ಸೈಡುಗಳಲ್ಲಿ ವಿದ್ಯುತ್ ಹರಿಯುವ ಬಗ್ಗೆ ಪ್ರಬಂಧ ಬರೆದರು. 1984ರಲ್ಲಿ ಇಬ್ಬರೂ ಸೇರಿ ಪದರ ಆಕ್ಸೈಡುಗಳ ಸ್ಫಟಿಕ ರಸಾಯನ ಮತ್ತು ಕಾಂತಗುಣಗಳ ಬಗ್ಗೆ ದೀರ್ಘ ಸಮೀಕ್ಷೆಯನ್ನೇ ಪ್ರಕಟಿಸಿದರು. ಆಗ ಜಗತ್ತಿನಲ್ಲಿ ಇದರ ಬಗ್ಗೆ ತಲೆ ಕೆಡಿಸಿಕೊಂಡವರು ಕೆಲವೇ ಮಂದಿ. 1986ರಲ್ಲಿ ಜೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನೋರ್ಟ್ಸ್ ಮತ್ತು ಮ್ಯೂಲರ್ ಇದೇ ಕುಟುಂಬದ ಲ್ಯಾಂಥನಂ ತಾಮ್ರದ ಆಕ್ಸೈಡಿಗೆ ಬೇರಿಯಂ ಸೇರಿಸಿ ಅತಿವಾಹಕತೆ, ಎಂದರೆ ರೋಧವೇ ಇಲ್ಲದೆ ವಿದ್ಯುತ್ತು ಹರಿಯುವುದನ್ನು, ಕಂಡರು. ರಾತ್ರೋರಾತ್ರಿ ಎಲ್ಲರೂ ಪದರ ಆಕ್ಸೈಡುಗಳ ಹಿಂದೆ ಬಿದ್ದರು. ಬೆಂಗಳೂರಿನವರು ಆಗ ಹೊಸದಾಗಿ ಏನೂ ಕಲಿಯಬೇಕಾಗಿರಲಿಲ್ಲ. ಯಿಟ್ರಿಯಂ–ಬೇರಿಯಂ–ತಾಮ್ರದ ಆಕ್ಸೈಡಿನಲ್ಲಿ ಅತಿವಾಹಕತೆಗೆ ಕಾರಣವಾದ ಭಾಗ ಯಾವುದೆಂದು ಗುರುತಿಸಿದ ಅವರ ಪ್ರಬಂಧ 1987ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಬಂತು. 1990ರ ದಶಕದಲ್ಲಿ ಮ್ಯಾಂಗನೈಟುಗಳ ಅಲೆ ಎದ್ದಾಗಲೂ ಹಾಗೇ ಆಯಿತು. ಕಾಂತಕ್ಷೇತ್ರ ತಾಗಿದರೆ ಈ ಆಕ್ಸೈಡಿನ ತೆಳುಪದರಗಳ ವಿದ್ಯುತ್ ರೋಧ ಸಾವಿರ ಪಟ್ಟು ಬದಲಾಗುತ್ತದೆ ಎಂದು ಅಮೆರಿಕದ ಬೆಲ್ ಪ್ರಯೋಗಾಲಯದವರು 1994ರಲ್ಲಿ ವರದಿ ಮಾಡಿದ್ದರು. ಇಲ್ಲಿ ರಾವ್, ಎ.ಕೆ. ರಾಯ್‌ಚೌಧುರಿ ಮತ್ತು ಸಂಗಡಿಗರು ಅಳತೆಗಳಿಗೆ ಇಳಿದರು. ಮುಂದೆ ಟಿ.ವಿ. ರಾಮಕೃಷ್ಣನ್, ಎಚ್.ಆರ್. ಕೃಷ್ಣಮೂರ್ತಿ ಮತ್ತು ಜೊತೆಗಾರರು 2004ರಲ್ಲಿ ಕೊಟ್ಟ ಸಿದ್ಧಾಂತ, ಒಂದೇ ವಸ್ತುವಿನಲ್ಲಿ ಕಾಲು ಕಟ್ಟಿಸಿಕೊಂಡ ಎಲೆಕ್ಟ್ರಾನುಗಳೂ ಓಡಾಡುವ ಎಲೆಕ್ಟ್ರಾನುಗಳೂ ಒಟ್ಟಿಗೆ ಇರುತ್ತವೆ ಎಂದು ಹೇಳಿ ಈ ಗೋಜಲನ್ನು ಬಹಳಮಟ್ಟಿಗೆ ಬಿಡಿಸಿತು. ಮಳೆ ಬರುವ ಮೊದಲೇ ಹೊಲ ಉತ್ತಿಟ್ಟ ಊರು ಇದು. ಆ ಉಳುಮೆಯ ಹೆಸರು ಅಗೇಟ್ ಖಲ್ಬತ್ತು, ಕುಲುಮೆ, ತಾಳ್ಮೆ.

ಈಗ ಲೇಸರ್ ಕೋಣೆ. ಕಪ್ಪು ಬಿಲ್ಲೆ ಇಲ್ಲಿ 'ಟಾರ್ಗೆಟ್' ಆಗುತ್ತದೆ. ಫುಟ್‌ಬಾಲಿಗಿಂತ ತುಸು ದೊಡ್ಡ ಉಕ್ಕಿನ ನಿರ್ವಾತ ಕೋಶದೊಳಗೆ ಅದು ನಿಧಾನವಾಗಿ ತಿರುಗುತ್ತಿರುತ್ತದೆ. ಎದುರಿಗೆ ಸುಮಾರು 700 ಡಿಗ್ರಿಗೆ ಕಾದ ಹೀಟರಿನ ಮೇಲೆ, ಐದು ಮಿಲಿಮೀಟರ್ ಚೌಕದ, ಅರ್ಧ ಮಿಲಿಮೀಟರ್ ದಪ್ಪದ ಸ್ಟ್ರಾಂಷಿಯಂ ಟೈಟನೇಟ್ ಸ್ಫಟಿಕ. ಇದನ್ನು ಎಲ್ಲರೂ ಸಬ್‌ಸ್ಟ್ರೇಟ್ ಎನ್ನುತ್ತಾರೆ. ಕೋಶದಲ್ಲಿ ಒಂದಿಷ್ಟೇ ಆಮ್ಲಜನಕ. ಕಣ್ಣಿಗೆ ಕಾಣದ ಅತಿನೇರಳೆ ಲೇಸರಿನ ಒಂದೊಂದು ಮಿಡಿತವೂ ಟಾರ್ಗೆಟ್ಟಿಗೆ ಬಡಿದಾಗ, ಅಲ್ಲಿಂದ ನೀಲಿ ಬೆಳಕಿನ ಪುಟ್ಟ ಜ್ವಾಲೆಯೊಂದು ಚಿಮ್ಮಿ ಸಬ್‌ಸ್ಟ್ರೇಟಿನವರೆಗೆ ಚಾಚುತ್ತದೆ. ಟಕ್, ಟಕ್, ಟಕ್ ಎಂಬ ಸದ್ದು. ಕಿಟಕಿಯ ಗಾಜಿನ ಮೂಲಕ ಅದನ್ನು ನೋಡುತ್ತ ಎಷ್ಟು ಹೊತ್ತಾದರೂ ನಿಲ್ಲಬಹುದು. ಸಂಕೀರ್ಣ ಆಕ್ಸೈಡುಗಳನ್ನು ಹೀಗೆ ಲೇಸರಿನಿಂದ ಎಬ್ಬಿಸಿ ಕೂರಿಸುವ ವಿಧಾನ ಜಗತ್ತಿಗೆ ಹರಡಿದ್ದು 1987ರಲ್ಲಿ, ಅಮೆರಿಕದ ಬೆಲ್‌ಕೋರ್‌ನಲ್ಲಿ ಟಿ. ವೆಂಕಟೇಶನ್ ಮತ್ತು ಸಂಗಡಿಗರು ಅತಿವಾಹಕ ಪದರ ಬೆಳೆಸಿದ ಮೇಲೆ.

ಪದರಗಳನ್ನು ಎಣಿಸುವುದು ಹೇಗೆ? ಸ್ಫಟಿಕದ ಮೈಗೆ ತಾಗಿಯೂ ತಾಗದ ಹಾಗೆ ಎಲೆಕ್ಟ್ರಾನು ಕಿರಣವೊಂದನ್ನು ಹಾಯಿಸಿ, ಅದರ ಪ್ರತಿಫಲನವನ್ನು ಪರದೆಯ ಮೇಲೆ ನೋಡುತ್ತಾರೆ. ಒಂದು ಪದರ ಅರ್ಧ ಕೂತಾಗ ಮೈ ಒರಟು, ಬೆಳಕು ಮಂಕು. ಪದರ ಪೂರ್ತಿ ಕೂತಾಗ ಮೈ ನಯ, ಬೆಳಕು ಮತ್ತೆ ಪ್ರಖರ. ಕಂಪ್ಯೂಟರಿನಲ್ಲಿ ಏರಿಳಿಯುವ ಗೆರೆಯ ಒಂದೊಂದು ಅಲೆಯೂ ಒಂದೊಂದು ಪದರ, ಸುಮಾರು 0.39 ನ್ಯಾನೋಮೀಟರ್. ನಾನು ನೋಡುತ್ತಿದ್ದಂತೆ ಆರನೆಯ ಅಲೆ ಮುಗಿಯಿತು. ಆಕೆ ಲೇಸರ್ ನಿಲ್ಲಿಸಿದರು.

ಆರಕ್ಕೇ ಏಕೆ ನಿಲ್ಲಿಸಿದಿರಿ ಎಂದು ಕೇಳಿದೆ. ಅದರ ಹಿಂದೆ ಒಂದು ಕಥೆಯಿದೆ. ಸ್ಟ್ರಾಂಷಿಯಂ ಇಲ್ಲದ, ಬರೀ ಲ್ಯಾಂಥನಂ ಮ್ಯಾಂಗನೈಟ್ ದಪ್ಪ ಹರಳಾಗಿದ್ದಾಗ ವಿಚಿತ್ರ ಪ್ರಾಣಿ. ಒಂದು ಪದರದೊಳಗೆ ಎಲ್ಲ ಸ್ಪಿನ್‌ಗಳೂ ಒಂದೇ ದಿಕ್ಕಿಗೆ, ಅದರ ಮೇಲಿನ ಪದರದಲ್ಲಿ ಎಲ್ಲವೂ ಎದುರು ದಿಕ್ಕಿಗೆ. ಒಟ್ಟು ಮೊತ್ತ ಸೊನ್ನೆ. ಇಂಥವು ಆಂಟಿಫೆರೋಮ್ಯಾಗ್ನೆಟ್‌ಗಳು, ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ವೊಲನ್ ಮತ್ತು ಕೋಲರ್ ನ್ಯೂಟ್ರಾನುಗಳ ನೆರವಿನಿಂದ 1955ರಲ್ಲೇ ಇದನ್ನು ತೋರಿಸಿದ್ದರು. 2015ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧ ಇದೇ ವಸ್ತುವನ್ನು ಸ್ಟ್ರಾಂಷಿಯಂ ಟೈಟನೇಟ್ ಮೇಲೆ ತೆಳುವಾಗಿ ಬೆಳೆಸಿ ನೋಡಿತು. ಸಿಂಗಪುರ ಮತ್ತು ಹಾಲೆಂಡಿನ ಟ್ವೆಂಟೆಯ ವಿಜ್ಞಾನಿಗಳು ಅದರಲ್ಲಿದ್ದರು, ಮೇಲೆ ಹೇಳಿದ ವೆಂಕಟೇಶನ್ ಕೂಡ. ಐದು ಪದರದವರೆಗೆ ಫೆರೋಮ್ಯಾಗ್ನೆಟಿಕ್ ಗುಣದ ಸುಳಿವಿಲ್ಲ. ಆರನೆಯದು ಬಂದು ಕೂತೊಡನೆ ಪದರ ಫೆರೋಮ್ಯಾಗ್ನೆಟ್! ಎಲೆಕ್ಟ್ರಾನುಗಳು ಮೇಲ್ಮೈಯಿಂದ ಕೆಳಗಿನ ಅಂಚಿಗೆ ಸರಿಯುವುದು ಇದಕ್ಕೆ ಕಾರಣ ಎಂದು ಅವರು ವಿವರಿಸಿದರು. ನಿಧಾನವಾಗಿ ಏರಬಹುದಾಗಿದ್ದ ಗುಣವೊಂದು ಒಂದೇ ಪದರದ ಅಂತರದಲ್ಲಿ ಹೀಗೆ ಹಾರಿಬಿಡುವುದು ಈ ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಂಡ ಫಲಿತಾಂಶ.

ತೆಳುವಾದಾಗ ಎಲ್ಲವೂ ಹೀಗೆ ಗಳಿಸುವುದಿಲ್ಲ. ಸ್ಟ್ರಾಂಷಿಯಂ ಶೇಕಡಾ 30 ಇರುವ ಮ್ಯಾಂಗನೈಟು, ದಪ್ಪವಿದ್ದಾಗ ಅಷ್ಟು ಗಟ್ಟಿ ಅಯಸ್ಕಾಂತ, ತೆಳುವಾದಂತೆ ಕಳೆದುಕೊಳ್ಳುತ್ತಾ ಹೋಗುತ್ತದೆ. 2008ರ ಒಂದು ಅಧ್ಯಯನದ ಪ್ರಕಾರ ಎಂಟು ಪದರಕ್ಕಿಂತ ಕಡಿಮೆಯಾದರೆ ಅದು ಲೋಹದ ಹಾಗೆ ವಿದ್ಯುತ್ತು ಹರಿಸುವುದಿಲ್ಲ, ಮೂರಕ್ಕಿಂತ ಕೆಳಗೆ ಫೆರೋಮ್ಯಾಗ್ನೆಟಿಕ್ ಗುಣವೂ ಇಲ್ಲ. ಪ್ರಯೋಗಾಲಯದ ಭಾಷೆಯಲ್ಲಿ ಇದು 'ಡೆಡ್ ಲೇಯರ್', ಸತ್ತ ಪದರ. ಸಬ್‌ಸ್ಟ್ರೇಟಿನ ಪರಮಾಣು ಅಂತರ ಮ್ಯಾಂಗನೈಟಿನದಕ್ಕಿಂತ ತುಸು ಹೆಚ್ಚು. ಮೇಲೆ ಕೂತ ಪದರ ಅದಕ್ಕೆ ಹೊಂದಿಕೊಳ್ಳಲು ಅಡ್ಡಕ್ಕೆ ಹಿಗ್ಗುತ್ತದೆ, ಎತ್ತರದಲ್ಲಿ ಕುಗ್ಗುತ್ತದೆ, ಆಮ್ಲಜನಕದ ಕೋನಗಳು ಬದಲಾಗುತ್ತವೆ. ಸ್ಪಿನ್‌ಗಳೂ ಪದರದ ಸಮತಲದಲ್ಲೇ ಮಲಗಲು ಇಷ್ಟಪಡುತ್ತವೆ. ಅದೇ ಮ್ಯಾಂಗನೈಟನ್ನು ಪರಮಾಣು ಅಂತರ ಕಡಿಮೆಯಿರುವ ಲ್ಯಾಂಥನಂ ಅಲ್ಯುಮಿನೇಟ್ ಮೇಲೆ ಬೆಳೆಸಿದರೆ ಒತ್ತಡಕ್ಕೆ ಸಿಕ್ಕಿ ಸ್ಪಿನ್‌ಗಳು ಎದ್ದು ನಿಲ್ಲಲು ಹವಣಿಸುತ್ತವೆ. ಅಯಸ್ಕಾಂತದ ದಿಕ್ಕನ್ನು ತಳದ ಹರಳನ್ನು ಬದಲಿಸಿ ತಿರುಗಿಸಬಹುದು ಎನ್ನುವುದು ಓದಿದಾಗ ತಿಳಿದಿತ್ತು. ಎರಡು ಮಾದರಿಗಳ ಅಳತೆಯನ್ನು ಒಂದೇ ಪರದೆಯಲ್ಲಿ ನೋಡಿದಾಗಲೇ ಮನಸ್ಸಿಗೆ ಇಳಿದದ್ದು.

ಆ ಪರದೆ ಇದ್ದದ್ದು ಕೊನೆಯ ಕೋಣೆಯಲ್ಲಿ. ಕಾಂತಗುಣ ಅಳೆಯುವ ಆಳೆತ್ತರದ ಸ್ಕ್ವಿಡ್ ಮ್ಯಾಗ್ನೆಟೋಮೀಟರ್, ಅದರೊಳಗೆ ಸೊನ್ನೆಗಿಂತ 269 ಡಿಗ್ರಿ ಕೆಳಗಿನ ದ್ರವ ಹೀಲಿಯಂ. ಹೀಲಿಯಂಗೆ ನಮ್ಮ ದೇಶ ಪೂರ್ತಿ ಆಮದನ್ನೇ ನಂಬಿದೆ. ಹಾಗಾಗಿ ಆವಿಯಾದದ್ದನ್ನು ಹಿಡಿದು ಮತ್ತೆ ದ್ರವವಾಗಿಸುವ ಏರ್ಪಾಡು ಇಲ್ಲದೆ ಇಂಥ ಸಂಶೋಧನೆ ನಡೆಯುವುದೇ ಕಷ್ಟ. ಈ ಏರ್ಪಾಡಿಗೆ ಹಣ ಕೊಡುವವರು ಅದನ್ನು ಐಷಾರಾಮ ಎಂದು ತಿಳಿಯಬಾರದು.

ಇಲ್ಲಿ ಆಕೆಯ ಕೈಗೆ ಪ್ಲಾಸ್ಟಿಕ್ ಚಿಮಟ ಬಂತು. "ಸ್ಟೀಲ್ ಚಿಮಟ ಈ ಕೋಣೆಯೊಳಗ ತರಂಗಿಲ್ರಿ ಸರ." ಕಾರಣವನ್ನು ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಹತ್ತು ಪದರದ ಮ್ಯಾಂಗನೈಟು ಸುಮಾರು ನಾಲ್ಕು ನ್ಯಾನೋಮೀಟರ್. ಅದರ ಕೆಳಗಿನ ಸಬ್‌ಸ್ಟ್ರೇಟು ಅದಕ್ಕಿಂತ ಒಂದು ಲಕ್ಷ ಪಟ್ಟಿಗೂ ಹೆಚ್ಚು ದಪ್ಪ. ಐದು ಮಿಲಿಮೀಟರ್ ಚೌಕದಲ್ಲಿ ಹರಡಿದ ಆ ಪದರದ ಇಡೀ ಕಾಂತಗುಣಕ್ಕೆ ಸರಿಸಾಟಿಯಾಗಲು ಮೂವತ್ತು ಮೂವತ್ತೈದು ಮೈಕ್ರಾನ್ ಅಗಲದ, ತಲೆಗೂದಲಿಗಿಂತ ಸಪೂರವಾದ, ಒಂದೇ ಒಂದು ಕಬ್ಬಿಣದ ಕಣ ಸಾಕು. ಇದು ಬರೀ ಹೆದರಿಕೆಯ ಮಾತಲ್ಲ. ಹಾಫ್ನಿಯಂ ಆಕ್ಸೈಡಿನ ತೆಳುಪದರಗಳು ಅಯಸ್ಕಾಂತದ ಹಾಗೆ ವರ್ತಿಸುತ್ತವೆ ಎಂದು 2004ರಲ್ಲಿ ಡಬ್ಲಿನ್‌ನಿಂದ ವರದಿ ಬಂತು. ಆ ಆಕ್ಸೈಡಿನಲ್ಲಿ ಕಾಂತಗುಣಕ್ಕೆ ಕಾರಣವೇ ಕಾಣದ್ದರಿಂದ ಎಲ್ಲರೂ ಬೆರಗಾದರು. ಮಾರನೇ ವರ್ಷ ಐಬಿಎಂ ಸಂಶೋಧಕರು ಶುದ್ಧ ಪದರಗಳನ್ನು ಅಳೆದು ಕಾಂತಗುಣ ಇಲ್ಲವೆಂದರು. ಸ್ಟೇನ್‌ಲೆಸ್ ಸ್ಟೀಲ್ ಚಿಮಟದಿಂದ ಹಿಡಿದಾಗ ಮಾತ್ರ ಅದೇ ಬಗೆಯ ಸಂಕೇತ ಕಂಡಿತ್ತು! ಇತ್ತ ಬೆಂಗಳೂರಿನ ಜಕ್ಕೂರಿನಲ್ಲಿ, ಜವಾಹರಲಾಲ್ ನೆಹರೂ ಕೇಂದ್ರದ ಸುಂದರೇಶನ್, ರಾವ್ ಮತ್ತು ಸಂಗಡಿಗರು 2006ರಲ್ಲಿ, ಕಾಂತಗುಣವಿಲ್ಲದ ಹಲವು ಆಕ್ಸೈಡುಗಳು ನ್ಯಾನೋಕಣಗಳಾದಾಗ ಸಣ್ಣ ಫೆರೋಮ್ಯಾಗ್ನೆಟಿಕ್ ಗುಣ ತೋರುತ್ತವೆ, ಮೇಲ್ಮೈಯಲ್ಲಿ ಆಮ್ಲಜನಕ ತಪ್ಪಿದ ಜಾಗಗಳು ಅದಕ್ಕೆ ಕಾರಣ ಎಂದು ವಾದಿಸಿದರು. ಈ ಚರ್ಚೆ ವರ್ಷಗಟ್ಟಲೆ ನಡೆಯಿತು. ನನಗನ್ನಿಸುವುದು ಇಷ್ಟು: ತೆಳುಪದರದ ಕಾಂತಗುಣದ ಬಗ್ಗೆ ಯಾರೇ ಏನೇ ಹೇಳಿದರೂ, ಆ ಮಾತಿನ ಬೆಲೆ ಅದು ಎಷ್ಟು ಅನುಮಾನಗಳನ್ನು ದಾಟಿ ಬಂದಿದೆ ಎಂಬುದರಷ್ಟೇ.

ಅದನ್ನು ಆಕೆ ತನ್ನ ಕೆಲಸದ ಕ್ರಮದಲ್ಲೇ ತೋರಿಸಿದರು. ಮೊದಲು ಖಾಲಿ ಸಬ್‌ಸ್ಟ್ರೇಟನ್ನು, ಮಾದರಿಯಷ್ಟೇ ಕಾಯಿಸಿ, ಆಮ್ಲಜನಕದಲ್ಲಿಟ್ಟು, ಅಳೆದರು. ಗೆರೆ ಓರೆಯಾಗಿ ಕೆಳಗಿಳಿಯಿತು. ಸ್ಟ್ರಾಂಷಿಯಂ ಟೈಟನೇಟ್ ಕಾಂತಕ್ಷೇತ್ರವನ್ನು ಸ್ವಲ್ಪ ದೂರ ತಳ್ಳುವ ಜಾತಿಯದು. ಆಮೇಲೆ ಮಾದರಿ. ಅದರ ಗೆರೆಯಿಂದ ಮೊದಲಿನದನ್ನು ಕಳೆದಾಗ ಫೆರೋಮ್ಯಾಗ್ನೆಟ್‌ನ ಗುರುತಾದ ಸಣಕಲು ಲೂಪ್ ಒಂದು ಉಳಿಯಿತು. "ಲೂಪ್ ಬಂದಕೂಡ್ಲೆ ಖುಷಿ ಪಡಬಾರದ್ರಿ. ಬಿಸಿ ಏರಿಸಿದಾಗ ಇದು ಎಲ್ಲಿ ಸಾಯಬೇಕೋ ಅಲ್ಲಿ ಸಾಯಬೇಕು. ಕಬ್ಬಿಣದ ಧೂಳಾಗಿದ್ರ ಕೋಣೆ ಬಿಸಿಗೂ ಸಾಯಂಗಿಲ್ಲ." ಕಬ್ಬಿಣ ತನ್ನ ಕಾಂತಗುಣ ಬಿಡುವುದು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಈ ಒಂದು ಪರೀಕ್ಷೆಯೇ ಬಹಳಷ್ಟು ಸುಳ್ಳು ಫಲಿತಾಂಶಗಳನ್ನು ಹೊರಗೆ ಹಾಕುತ್ತದೆ.

ಆದರೂ ಸ್ಕ್ವಿಡ್ ಹೇಳುವುದು ಒಟ್ಟು ಮೊತ್ತವನ್ನು ಮಾತ್ರ. ಕಾಂತಗುಣ ಯಾವ ಪದರದಲ್ಲಿದೆ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ಅದಕ್ಕೆ ಸ್ಪಿನ್‌ಗಳನ್ನು ಒಂದೇ ದಿಕ್ಕಿಗೆ ಜೋಡಿಸಿದ ನ್ಯೂಟ್ರಾನುಗಳು ಬೇಕು. ಪದರದ ಮೈಗೆ ತೀರ ಓರೆಯಾಗಿ ಬಡಿದು ಹಿಂದಿರುಗುವ ನ್ಯೂಟ್ರಾನುಗಳು, ತಮ್ಮದೇ ಪುಟ್ಟ ಕಾಂತಗುಣದಿಂದಾಗಿ, ಎಷ್ಟು ಆಳದಲ್ಲಿ ಎಷ್ಟು ಕಾಂತಗುಣವಿದೆ ಎಂಬುದರ ಗುರುತನ್ನು ಹೊತ್ತು ಬರುತ್ತವೆ. ಮುಂಬಯಿಯ ಟ್ರಾಂಬೆಯಲ್ಲಿ, 'ಧ್ರುವ' ರಿಯಾಕ್ಟರಿನಲ್ಲಿ, ಈ ಸೌಲಭ್ಯ ಇದೆ. ಅಮೆರಿಕದ ಆರ್ಗೋನ್ ಪ್ರಯೋಗಾಲಯದಲ್ಲಿ 2008ರ ಹೊತ್ತಿಗೆ ಆನಂದ್ ಭಟ್ಟಾಚಾರ್ಯ ಮತ್ತು ಸಂಗಡಿಗರು ಎರಡು ಆಂಟಿಫೆರೋಮ್ಯಾಗ್ನೆಟ್‌ಗಳನ್ನು, ಲ್ಯಾಂಥನಂ ಮ್ಯಾಂಗನೈಟು ಮತ್ತು ಸ್ಟ್ರಾಂಷಿಯಂ ಮ್ಯಾಂಗನೈಟು, ಒಂದರ ಮೇಲೊಂದು ಸರದಿಯಲ್ಲಿ ಪೇರಿಸಿದಾಗ ಇಡೀ ರಾಶಿ ಫೆರೋಮ್ಯಾಗ್ನೆಟ್ ಆದದ್ದನ್ನು ಕಂಡಿದ್ದರು. ಸರದಿಗಳನ್ನು ದಪ್ಪ ಮಾಡಿದಾಗ ಕಾಂತಗುಣ ಒಂದೇ ಸಮನಾಗಿ ಉಳಿಯದೆ, ಲ್ಯಾಂಥನಂ ಮ್ಯಾಂಗನೈಟಿನಲ್ಲಿ ಹೆಚ್ಚು, ಸ್ಟ್ರಾಂಷಿಯಂ ಮ್ಯಾಂಗನೈಟಿನಲ್ಲಿ ಕಡಿಮೆ ಆಗುವುದನ್ನು ನ್ಯೂಟ್ರಾನುಗಳೇ ತೋರಿಸಿದ್ದು.

ಈ ಪ್ರಯೋಗಾಲಯದ ಮಾದರಿಯೂ ಟ್ರಾಂಬೆಗೆ ಹೋಗುವ ಸರದಿಯಲ್ಲಿದೆ. ನ್ಯೂಟ್ರಾನುಗಳಿಗೆ ಐದು ಮಿಲಿಮೀಟರ್ ಚೌಕ ಸಾಲದು, ಇನ್ನೂ ದೊಡ್ಡ ಸಬ್‌ಸ್ಟ್ರೇಟು ಬೇಕು. ಅಷ್ಟಗಲಕ್ಕೂ ಒಂದೇ ದಪ್ಪದ ಪದರ ಕೂರಿಸುವುದು ಬೇರೆಯೇ ಕಸುಬು, ಅದಕ್ಕೆ ಹೊಸ ಟಾರ್ಗೆಟ್ಟೂ ಬೇಕು. ನಾನು ಹೊರಡುವಾಗ ಆಕೆ ಆ ಟಾರ್ಗೆಟ್ಟಿಗಾಗಿ ಲ್ಯಾಂಥನಂ ಆಕ್ಸೈಡನ್ನು ಕುಲುಮೆಗೆ ಇಡುತ್ತಿದ್ದರು. ಸತ್ತ ಪದರ ನಿಜವಾಗಿಯೂ ಸತ್ತಿದೆಯೇ, ಅಥವಾ ಅದರೊಳಗಿನ ಸ್ಪಿನ್‌ಗಳು ಎದುರುಬದುರು ನಿಂತು ಲೆಕ್ಕದಲ್ಲಿ ಸೊನ್ನೆಯಾಗಿವೆಯೇ ಎಂಬುದನ್ನು ತಿಳಿಯುವುದು ಅವರ ಪ್ರಬಂಧದ ಮುಂದಿನ ಅಧ್ಯಾಯ.